ಗುದ್ದಲಿಗೊಂದು ಅಳತೆ ಬೇಡವೇ?

‘ಓದ್ಲಿಲ್ಲ ಅಂದ್ರೆ ಗುದ್ಲಿ ಹಿಡೀಬೇಕಾಯ್ತದೆ ನೋಡು’ ಎಂಬ ಮಾತು ಕೇಳದೆ ಎಸ್ಸೆಸ್ಸೆಲ್ಸಿ ದಾಟಿದ ಹುಡುಗರು ಮಂಡ್ಯ ಜಿಲ್ಲೆಯಲ್ಲಿ ಸಿಗುವುದು ಕಷ್ಟ. ಹುಡುಗಿಯರಾದ ನಮಗೆ ಅದರದೇ ಇನ್ನೊಂದು ರೂಪ: ‘ಕಳೆ ಕೀಳಕ್ಕೆ ಓಗು’. ಮನೆಯಲ್ಲಿ ಅವ್ವ ಹೇಳುತ್ತಿದ್ದಳು, ಶಾಲೆಯಲ್ಲಿ ಮೇಷ್ಟ್ರು ಹೇಳುತ್ತಿದ್ದರು. ಹೇಳಿದವರಿಗೆ ಕೆಟ್ಟ ಉದ್ದೇಶವಿರಲಿಲ್ಲ. ಸೊಂಟ ನೋಯಿಸಿಕೊಂಡವರು ಮಕ್ಕಳ ಸೊಂಟವಾದರೂ ಉಳಿಯಲಿ ಎಂದು ಆಡಿದ ಮಾತದು. ಆದರೆ ಆ ಬೆದರಿಕೆಯೊಳಗೆ ಇನ್ನೊಂದು ಅರ್ಥವೂ ಸದ್ದಿಲ್ಲದೆ ಸೇರಿಕೊಂಡಿದೆ. ಗುದ್ದಲಿ ಹಿಡಿಯುವುದಕ್ಕೆ ಏನೂ ಗೊತ್ತಿರಬೇಕಿಲ್ಲ, ಬೇರೆ ಏನೂ ಬಾರದವರು ಮಾಡುವ ಕೆಲಸ ಅದು ಎಂಬ ಅರ್ಥ. ನನ್ನ ತಕರಾರು ಇರುವುದು ಅಲ್ಲಿ.

ಇದರ ಫಲ ಈಗ ಕಾಣುತ್ತಿದೆ. ಕೈತೋಟದ ಹುಚ್ಚು ನಮ್ಮ ವಯಸ್ಸಿನವರಿಗೂ ಹತ್ತಿದೆ. ಮಂಡ್ಯದಲ್ಲಿ ರೂಂ ಮಾಡಿಕೊಂಡು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಮಹಡಿ ಮೇಲೆ ನಾಲ್ಕು ಕುಂಡ ಇಟ್ಟು ಟೊಮೆಟೊ, ಮೆಣಸಿನಕಾಯಿ ಹಾಕುತ್ತಾರೆ. ಕೆಲಸ ಸಿಗುವವರೆಗೆ ಊರಲ್ಲೇ ಇರೋಣ ಎಂದು ಬಂದವರು ಹಿತ್ತಿಲನ್ನು ಹಸನು ಮಾಡಿ ಸೊಪ್ಪು ಬಿತ್ತುತ್ತಾರೆ. ಬಹಳ ಒಳ್ಳೆಯದು. ಆದರೆ ಇವರಲ್ಲಿ ಹೆಚ್ಚಿನವರು ಮೊದಲು ಮಾಡುವ ಕೆಲಸ ಮೊಬೈಲಿನಲ್ಲಿ ಐದು ಪೀಸಿನ ‘ಗಾರ್ಡನ್ ಕಿಟ್’ ತರಿಸುವುದು. ಹಸಿರು ಪ್ಲಾಸ್ಟಿಕ್ ಹಿಡಿಯ, ಸೌಟಿನಷ್ಟು ದೊಡ್ಡ ಸಲಕರಣೆಗಳು. ಕುಂಡದ ಮಣ್ಣು ಕೆದಕಲು ಅವು ಸಾಕು, ಅದರಲ್ಲಿ ತಪ್ಪಿಲ್ಲ. ಅದೇ ಸೌಟನ್ನು ಹಿತ್ತಿಲ ನೆಲಕ್ಕೆ ಹಾಕಿದರೆ ಮೊದಲ ಗರಸಿಗೇ ಕತ್ತು ಬಗ್ಗುತ್ತದೆ. ಆಮೇಲೆ ‘ನಮಗಿದೆಲ್ಲ ಆಗಲ್ಲ ಬಿಡು’ ಎಂದು ಕೂತುಬಿಡುತ್ತಾರೆ. ಸಲಕರಣೆ ಸೋತಿದ್ದನ್ನು ತಾವು ಸೋತೆವೆಂದು ತಿಳಿಯುತ್ತಾರೆ. ಫೋನ್ ಕೊಳ್ಳುವಾಗ ರ‍್ಯಾಮ್ ಎಷ್ಟು, ಬ್ಯಾಟರಿ ಎಷ್ಟು ಎಂದು ವಾರಗಟ್ಟಲೆ ಹೋಲಿಸಿ ನೋಡುವ ನಾವು ಗುದ್ದಲಿಯ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳುವುದಿಲ್ಲ.

ಕೇಳಬೇಕಾದ ಮೊದಲ ಪ್ರಶ್ನೆ, ಯಾವ ಮಣ್ಣಿಗೆ ಎಂಬುದು. ನಮ್ಮೂರಿರುವುದು ಮದ್ದೂರು–ಮಳವಳ್ಳಿ ರಸ್ತೆಯಲ್ಲಿ, ಕೆ.ಎಂ.ದೊಡ್ಡಿಯ ಆಸುಪಾಸಿನಲ್ಲಿ. ಓದಿದ್ದು ಮಂಡ್ಯದಲ್ಲಿ, ಅಜ್ಜಿ ಮನೆ ಮಳವಳ್ಳಿ ಕಡೆ. ಮೂರೂ ಕಡೆ ಗುದ್ದಲಿ ಬೇರೆ ಬೇರೆ ಎಂಬುದನ್ನು ಬಸ್ಸಿನಲ್ಲಿ ಓಡಾಡುತ್ತಲೇ ನೋಡಬಹುದು. ವಿಶ್ವೇಶ್ವರಯ್ಯ ನಾಲೆಯ ನೀರು ಬರುವ ಗದ್ದೆ ಬಯಲಲ್ಲಿ ಬದು ಕಟ್ಟಲು, ಕೆಸರು ಎಳೆಯಲು ಅಗಲವಾದ, ತೆಳುವಾದ ಗುದ್ದಲಿ ಬೇಕು. ಅದರ ತಟ್ಟೆ ಕಾವಿನ ಕಡೆಗೆ ಸ್ವಲ್ಪ ಒಳಕ್ಕೆ ಬಾಗಿರುತ್ತದೆ, ಎಳೆದಾಗ ಮಣ್ಣು ಜಾರದೆ ಜೊತೆಗೆ ಬರುತ್ತದೆ. ಮಳವಳ್ಳಿ ಕಡೆಯ ಕೆಂಪು ಗರಸು ನೆಲಕ್ಕೆ ಇದನ್ನು ಒಯ್ದರೆ ಕೆಲಸಕ್ಕೆ ಬಾರದು. ಅಲ್ಲಿಗೆ ಅಗಲ ಕಡಿಮೆ ಇರುವ, ದಪ್ಪನೆಯ, ತೂಕದ ಗುದ್ದಲಿ ಬೇಕು, ತಟ್ಟೆ ಕಾವಿಗೆ ಹೆಚ್ಚು ನೆಟ್ಟಗೆ ನಿಂತಿರಬೇಕು. ಬೇಸಿಗೆಯಲ್ಲಿ ಅದೂ ಸಾಲದು. ಮೊದಲು ಪಿಕಾಸಿಯಿಂದ ನೆಲ ಒಡೆದು, ಕಲ್ಲಿದ್ದರೆ ಹಾರೆಯಿಂದ ಮೀಟಿ, ಆಮೇಲೆ ಗುದ್ದಲಿ. ಗುದ್ದಲಿಯಿಂದ ಕಲ್ಲು ಮೀಟುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಕಾವು ಮುರಿಯುವುದು ಹಾಗೇ.

ಮಳವಳ್ಳಿಯ ಗಟ್ಟಿ ನೆಲ ಎಂದಾಗ ದಾಸನದೊಡ್ಡಿಯ ಕಾಮೇಗೌಡರನ್ನು ನೆನೆಯದೆ ಇರಲಾಗದು. ಕುರಿ ಕಾಯುತ್ತಿದ್ದ ಅವರು ಬೆಟ್ಟದ ಪ್ರಾಣಿ ಪಕ್ಷಿಗಳಿಗೆ ಕುಡಿಯಲು ನೀರು ಸಿಗಲೆಂದು ಕಟ್ಟೆ ತೋಡಿದರು, ಒಂದಲ್ಲ ಎರಡಲ್ಲ, 16. ಪ್ರಧಾನಿ 2020ರ ಜೂನ್‌ನಲ್ಲಿ ‘ಮನ್ ಕೀ ಬಾತ್’ನಲ್ಲಿ ಅವರ ಹೆಸರು ಹೇಳಿದ ಮೇಲೆ ಊರಿಗೆ ಕ್ಯಾಮೆರಾಗಳು ಬಂದವು. 2022ರ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಅವರ ಬಗ್ಗೆ ಬಂದ ವರದಿಗಳಲ್ಲಿ ನನಗೆ ಮನಸ್ಸಿಗೆ ನಾಟಿದ್ದು ಒಂದು ಸಣ್ಣ ವಿವರ. ಶುರುವಿನಲ್ಲಿ ಅವರು ನೆಲ ಕೆದಕಿದ್ದು ಕೋಲಿನಿಂದ. ಕೋಲಿನಿಂದ ಆಗದು ಎಂದು ಗೊತ್ತಾದಾಗ ಕೆಲವು ಕುರಿ ಮಾರಿ ಸಲಕರಣೆ ಕೊಂಡರು. ಕುರಿಗಾಹಿಗೆ ಕುರಿ ಎಂದರೆ ಬ್ಯಾಂಕ್ ಖಾತೆ ಇದ್ದ ಹಾಗೆ. ಅದನ್ನು ಒಡೆದು ಕಬ್ಬಿಣಕ್ಕೆ ಹಾಕಿದ ಮನುಷ್ಯನಿಗೆ ಸಲಕರಣೆಯ ಬೆಲೆ ಗೊತ್ತಿತ್ತು. ನಾವು ಅವರ ಭಕ್ತಿ, ಛಲ ಎಲ್ಲವನ್ನೂ ಹೊಗಳಿದೆವು. ಈ ಲೆಕ್ಕಾಚಾರವನ್ನು ಮಾತ್ರ ಯಾರೂ ಹೊಗಳಲಿಲ್ಲ.

ಅಂಗಡಿಗೆ ಹೋದಾಗ ನೋಡಬೇಕಾದ್ದು ಹೆಚ್ಚೇನಿಲ್ಲ. ಕಾವು ಕೂರುವ ತೂತಿನ ಭಾಗವನ್ನು ತಟ್ಟೆಗೆ ಬೆಸುಗೆ ಹಾಕಿ ಅಂಟಿಸಿದ್ದಾರೋ, ಇಡೀ ಗುದ್ದಲಿಯನ್ನು ಒಂದೇ ಉಕ್ಕಿನಲ್ಲಿ ಬಡಿದಿದ್ದಾರೋ ನೋಡಿ. ಬೆಸುಗೆಯದು ಅಗ್ಗ, ಬಿಡುವುದೂ ಅಲ್ಲೇ. ಟಾಟಾ ಅಗ್ರಿಕೊದಂಥ ಕಂಪನಿ ಗುದ್ದಲಿಗಳು ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತವೆ, ಕುಲುಮೆಯಲ್ಲಿ ಮಾಡಿದವೂ ಸಿಗುತ್ತವೆ. ಬೆರಳಲ್ಲಿ ಮೀಟಿದರೆ ಒಳ್ಳೆಯ ಉಕ್ಕು ಟಣ್ಣೆನ್ನುತ್ತದೆ, ಬಿರುಕು ಬಿಟ್ಟದ್ದು ಬೋಕಿಯ ಸದ್ದು ಮಾಡುತ್ತದೆ. ಬಣ್ಣ ನೋಡಿ ಮರುಳಾಗಬೇಡಿ. ಕೆಂಪೋ ನೀಲಿಯೋ, ಒಂದು ವಾರಕ್ಕೆ ಎಲ್ಲವೂ ಮಣ್ಣಿನ ಬಣ್ಣವೇ.

ಕಾವಿನ ವಿಷಯವೇ ಬೇರೆ. ಜನ ಕಬ್ಬಿಣಕ್ಕೆ ಚೌಕಾಸಿ ಮಾಡಿ, ಕಾವಿಗೆ ಸಿಕ್ಕಿದ್ದು ಹಾಕಿಸಿಕೊಂಡು ಬರುತ್ತಾರೆ. ನನ್ನ ಪ್ರಕಾರ ಇದು ಉಲ್ಟಾ. ಮೈಗೆ ತಾಗುವುದು ಕಾವು, ಕೈಯಲ್ಲಿ ಬೊಬ್ಬೆ ಏಳಿಸುವುದೂ ಸೊಂಟ ಬಗ್ಗಿಸುವುದೂ ಕಾವೇ. ಮರದ ಎಳೆ ತುದಿಯಿಂದ ಬುಡದವರೆಗೆ ನೇರವಾಗಿ ಹರಿದಿರಬೇಕು. ಎಳೆ ಅಡ್ಡ ಓಡಿದ್ದರೆ, ಮಧ್ಯದಲ್ಲಿ ಗಂಟಿದ್ದರೆ ಅಲ್ಲೇ ಮುರಿಯುತ್ತದೆ. ನಮ್ಮ ಕಡೆ ಜಾಲಿ ಮರದ ಕಾವಿಗೆ ಮರ್ಯಾದೆ ಹೆಚ್ಚು. ಅಂಗಡಿಯಲ್ಲಿ ಸಿಗುವ ನೀಲಗಿರಿಯದು ಸರಿಯಾಗಿ ಒಣಗದಿದ್ದರೆ ತಿಂಗಳಲ್ಲಿ ತಿರುಚಿಕೊಳ್ಳುತ್ತದೆ. ದಪ್ಪ ಎಷ್ಟಿರಬೇಕೆಂದರೆ, ಹಿಡಿದಾಗ ಹೆಬ್ಬೆರಳು ಸುತ್ತಿ ಬಂದು ಬೆರಳ ತುದಿಗಳನ್ನು ಮುಟ್ಟಬೇಕು. ಉದ್ದ, ನೆಲಕ್ಕೂರಿ ನಿಲ್ಲಿಸಿದರೆ ಸೊಂಟದ ಮಟ್ಟ. ಅಪ್ಪನ ಗುದ್ದಲಿ ನನಗಾಗದು, ನನ್ನದು ಅಪ್ಪನಿಗಾಗದು. ಮನೆಗೊಂದು ಗುದ್ದಲಿ ಎಂಬ ಪದ್ಧತಿಯೇ ತಪ್ಪು ಎನಿಸುತ್ತದೆ ನನಗೆ. ಚಪ್ಪಲಿಯನ್ನು ಯಾರಾದರೂ ಮನೆಗೊಂದು ಜೊತೆ ತರುತ್ತಾರೆಯೇ?

ಬೇಸಿಗೆಯಲ್ಲಿ ಕಾವು ಸಡಿಲವಾದರೆ ಗುದ್ದಲಿಯನ್ನು ರಾತ್ರಿಯೆಲ್ಲ ನೀರಿನ ತೊಟ್ಟಿಯಲ್ಲಿ ಅದ್ದಿಡುವುದು ಹಳೆಯ ಉಪಾಯ. ಮರ ಉಬ್ಬಿ ಬಿಗಿಯಾಗುತ್ತದೆ, ನಿಜ. ಎರಡು ದಿನ ಬಿಸಿಲಿಗೆ ಬಿದ್ದರೆ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ, ಅದೂ ನಿಜ. ಎತ್ತಿದ ಗುದ್ದಲಿಯ ಕಬ್ಬಿಣ ಕಳಚಿ ಹಿಂದೆ ನಿಂತವರ ಮೇಲೆ ಬೀಳುವ ಅಪಾಯ ಸಣ್ಣದಲ್ಲ. ಒಂದು ಬೆಣೆ ಹೊಡೆಯಲು ಐದು ನಿಮಿಷ ಸಾಕು.

ಇನ್ನು ಬಳಸುವ ಬಗೆ. ಗುದ್ದಲಿಯನ್ನು ಎತ್ತುವುದಕ್ಕಷ್ಟೇ ನಮ್ಮ ಬಲ ಬೇಕು, ಇಳಿಯುವುದಕ್ಕೆ ಅದರ ತೂಕವೇ ಸಾಕು. ಹೊಸಬರು ಇಳಿಸುವಾಗಲೂ ಒತ್ತಿ ಹೊಡೆಯುತ್ತಾರೆ, ಹತ್ತು ನಿಮಿಷಕ್ಕೆ ಸುಸ್ತು. ಒಂದು ಕಾಲು ಮುಂದೆ, ಒಂದು ಹಿಂದೆ, ಮಂಡಿ ಸ್ವಲ್ಪ ಸಡಿಲ. ಮಣ್ಣನ್ನು ಎಳೆಯುವಾಗ ಬೆನ್ನಿನಿಂದ ಎಳೆಯದೆ ಮೈ ಹಿಂದಕ್ಕೆ ವಾಲಿಸಿ ಎಳೆಯಬೇಕು. ಆಗಾಗ ಕೈ, ಕಾಲು ಅದಲುಬದಲು ಮಾಡಬೇಕು. ಜಿಮ್‌ನಲ್ಲಿ ಇದನ್ನೇ ‘ಫಾರ್ಮ್’ ಎಂದು ದುಡ್ಡು ತೆಗೆದುಕೊಂಡು ಹೇಳಿಕೊಡುತ್ತಾರೆ. ಹೊಲದಲ್ಲಿ ಇದನ್ನು ಬಿಟ್ಟಿ ಹೇಳಿಕೊಡುವವರು ಇದ್ದಾರೆ, ಕೇಳುವವರು ಇಲ್ಲ.

ಕುಡ್ಲಿನ ಕಥೆ ಇನ್ನೂ ಸ್ವಾರಸ್ಯ. ನಾನು ಎಡಚಿ. ಅಂಗಡಿಯ ಕುಡ್ಲು ಯಾವುದೂ ನನ್ನ ಕೈಗೆ ಕೂರುತ್ತಿರಲಿಲ್ಲ. ಹುಲ್ಲು ಕುಯ್ಯಲು ಹೋದರೆ ಬುಡ ಬಗ್ಗುತ್ತಿತ್ತೇ ಹೊರತು ಕುಯ್ಯುತ್ತಿರಲಿಲ್ಲ. ಅಜ್ಜಿಯ ಊರಿನ ಕುಲುಮೆಯ ಆಚಾರ್ರು ಒಂದು ಸಲ ನಾನು ಕುಡ್ಲು ಹಿಡಿದದ್ದನ್ನು ನೋಡಿ, ‘ಅದು ಬಲಗಯ್ಯೋರ್ದು ಕಣವ್ವ, ನಿಂಗೆ ಬ್ಯಾರೆ ಮಾಡ್ಬೇಕು’ ಎಂದರು. ಕುಡ್ಲಿನ ಬಾಯಿಯ ಇಳಿಜಾರು ಒಂದೇ ಮಗ್ಗುಲಿಗೆ ಇರುತ್ತದೆ. ಬಲಗೈಯಲ್ಲಿ ಹಿಡಿದರೆ ಅದು ನೆಲಕ್ಕೆ ಒಗ್ಗಿ ಜಾರುತ್ತದೆ, ಎಡಗೈಯಲ್ಲಿ ಹಿಡಿದರೆ ಮೇಲಕ್ಕೆ ಏಳುತ್ತದೆ. ಅವರು ಲಾರಿಯ ಹಳೇ ಕಮಾನು ಪಟ್ಟೆಯ ತುಂಡನ್ನು ಕಾಯಿಸಿ ಬಡಿದು, ಇಳಿಜಾರನ್ನು ಆ ಮಗ್ಗುಲಿಗೆ ಕೊಟ್ಟು, ಕಕ್ಕು ಹಾಕಿ ಕೊಟ್ಟರು. ಎಡಗೈಯವರೇ, ಯಾವ ಆನ್‌ಲೈನ್ ಅಂಗಡಿಯೂ ನಿಮ್ಮ ಕೈ ನೋಡಿ ಕುಡ್ಲು ಮಾಡಿಕೊಡುವುದಿಲ್ಲ.

ಕುಲುಮೆಯಲ್ಲಿ ಒಂದು ಗಂಟೆ ಕೂತರೆ ಪಿಯುಸಿ ಕೆಮಿಸ್ಟ್ರಿ ಕಣ್ಣೆದುರು ನಡೆಯುತ್ತದೆ. ಕೆಂಡವಾದ ಉಕ್ಕನ್ನು ನೀರಿಗೆ ಅದ್ದಿದರೆ ಗಾಜಿನಂತೆ ಗಡುಸಾಗುತ್ತದೆ, ಆದರೆ ಒಡೆಯುತ್ತದೆ. ಅದನ್ನು ಮತ್ತೆ ಹದವಾಗಿ ಕಾಯಿಸಿದರೆ ಮೇಲ್ಮೈಯಲ್ಲಿ ಬಣ್ಣಗಳು ಓಡುತ್ತವೆ. ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಸುಮಾರು 300 ಡಿಗ್ರಿಗೆ ನೀಲಿ. ಯಾವ ಬಣ್ಣಕ್ಕೆ ನಿಲ್ಲಿಸಬೇಕೆಂಬುದೇ ಆಚಾರ್ರ ವಿದ್ಯೆ. ಇದು ಗೊತ್ತಿದ್ದರೆ, ಪೇಟೆಯಲ್ಲಿ ಕರೆಂಟಿನ ಗ್ರೈಂಡರಿಗೆ ಮಚ್ಚು ಒತ್ತಿ ಹಿಡಿದು ಕಿಡಿ ಹಾರಿಸುವವರನ್ನು ನೋಡಿ ಯಾಕೆ ಹೊಟ್ಟೆ ಉರಿಯುತ್ತದೆ ಎಂಬುದೂ ಅರ್ಥವಾಗುತ್ತದೆ. ಬಾಯಿ ನೀಲಿಗೆ ತಿರುಗಿದರೆ ಅಲ್ಲಿಗೆ ಅದರ ಹದ ಹೋಯಿತು. ಎಷ್ಟು ಮಸೆದರೂ ಮೊನೆ ನಿಲ್ಲುವುದಿಲ್ಲ. ಮನೆಯಲ್ಲಿ ಒಂದು ಅರ ಇಟ್ಟುಕೊಂಡು, ಮೊದಲೇ ಇರುವ ಇಳಿಜಾರನ್ನೇ ಹಿಡಿದು, ಒಂದೇ ದಿಕ್ಕಿಗೆ ಉಜ್ಜುವುದು ಒಳ್ಳೆಯದು. ಕೆಲಸ ಮುಗಿದ ಮೇಲೆ ಮಣ್ಣು ಒರೆಸಿ ಒಂದಿಷ್ಟು ಎಣ್ಣೆ ಸವರಿದರೆ ತುಕ್ಕು ಹಿಡಿಯದು.

ಹರಿತವೆಂದರೆ ಬರೀ ಸುಲಭವಾಗಿ ಕತ್ತರಿಸುವ ಮಾತಲ್ಲ, ದುಡ್ಡಿನ ಮಾತು. 1933ರಲ್ಲಿ ಮೈಷುಗರ್ ಕಂಪನಿ ಶುರುವಾದಾಗಿನಿಂದ ಮಂಡ್ಯ ಕಬ್ಬಿನ ಊರು. ಕಬ್ಬಿನಲ್ಲಿ ಸಕ್ಕರೆ ಅಂಶ ಹೆಚ್ಚಿರುವುದು ಬುಡದಲ್ಲಿ. ನೆಲಮಟ್ಟಕ್ಕೆ ಒಂದೇ ಏಟಿಗೆ ಕಡಿದರೆ ಆ ಬುಡ ಗಾಡಿಗೆ ಬರುತ್ತದೆ, ಕೂಳೆಯೂ ಚೆನ್ನಾಗಿ ಚಿಗುರುತ್ತದೆ. ಮೊಂಡು ಮಚ್ಚಿನಲ್ಲಿ ಕಡಿದರೆ ಬುಡ ಗದ್ದೆಯಲ್ಲೇ ಉಳಿಯುತ್ತದೆ, ಉಳಿದ ಮೋಟು ಸೀಳಿ ರೋಗಕ್ಕೆ ಬಾಗಿಲು ತೆರೆಯುತ್ತದೆ. ಹಿಪ್ಪುನೇರಳೆಯದೂ ಇದೇ ಲೆಕ್ಕ. ಮಳವಳ್ಳಿ, ಮದ್ದೂರು ಕಡೆ ರೇಷ್ಮೆ ಸಾಕುವವರು ಕಡ್ಡಿ ಸವರುವಾಗ ತೊಗಟೆ ಸುಲಿಯದಂತೆ ಎಚ್ಚರ ವಹಿಸುತ್ತಾರೆ. ಹಿತ್ತಿಲಲ್ಲಿ ದಾಸವಾಳ, ಗುಲಾಬಿ ಕತ್ತರಿಸುವವರು ಎರಡು ಅಲಗು ಒಂದರ ಪಕ್ಕ ಒಂದು ಜಾರುವ ಕತ್ತರಿ ಕೊಳ್ಳಿ. ಒಂದು ಅಲಗು ಇನ್ನೊಂದರ ಮೇಲೆ ಕೂತು ಒತ್ತುವ ಮಾದರಿ ಹಸಿ ಕಡ್ಡಿಯನ್ನು ಜಜ್ಜುತ್ತದೆ.

ಸರ್ಕಾರವೂ ಒಂದು ಕಾಲಕ್ಕೆ ಹರಿತಕ್ಕೆ ಬೆಲೆ ಕಟ್ಟಿತ್ತು ಎಂಬುದು ನಮ್ಮ ವಯಸ್ಸಿನ ಹಲವರಿಗೆ ಗೊತ್ತಾದದ್ದು 2020ರ ಲಾಕ್‌ಡೌನ್‌ನಲ್ಲಿ. ಬೆಂಗಳೂರು, ಮುಂಬೈ ಬಿಟ್ಟು ಊರಿಗೆ ಬಂದವರು, ಡಿಗ್ರಿ ಮುಗಿಸಿದವರು ಕೂಡ ನರೇಗಾ ಕೆಲಸಕ್ಕೆ ಇಳಿದರು. ಆ ವರ್ಷ ರಾಜ್ಯದಲ್ಲಿ ದಿನದ ಕೂಲಿ 275 ರೂಪಾಯಿ. ಅದರ ಮೇಲೆ ಸಲಕರಣೆ ಹರಿತ ಮಾಡಿಸಿಕೊಳ್ಳಲು 10 ರೂಪಾಯಿ. ಆ ಹತ್ತು ರೂಪಾಯಿಯನ್ನು ಎಲ್ಲರೂ ಕೂಲಿಯ ಭಾಗವೆಂದೇ ಎಣಿಸಿ ಜೇಬಿಗೆ ಹಾಕಿಕೊಂಡರು, ಅದರಲ್ಲಿ ಅವರ ತಪ್ಪೇನೂ ಇಲ್ಲ. ಎಷ್ಟು ಊರುಗಳಲ್ಲಿ ಹರಿತ ಮಾಡಿಕೊಡುವ ಕುಲುಮೆ ಉಳಿದಿತ್ತು ಎಂಬುದು ಪ್ರಶ್ನೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಉಳುವುದಕ್ಕೆ ಟ್ರ್ಯಾಕ್ಟರ್ ಬಂತು, ಟಿಲ್ಲರ್ ಬಂತು, ಕುಯ್ಲಿಗೆ ಯಂತ್ರ ಬಂತು. ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಇವೆಲ್ಲ ಬಾಡಿಗೆಗೆ ಸಿಗುತ್ತವೆ. ಗಂಡಸರು ಮಾಡುತ್ತಿದ್ದ ಭಾರದ ಕೆಲಸಗಳು ಒಂದೊಂದಾಗಿ ಎಂಜಿನ್ ಪಾಲಾದವು. ಕಳೆ ಕೀಳುವ ಕೆಲಸ ಮಾತ್ರ ನನ್ನ ಅಜ್ಜಿಯ ಕಾಲದಲ್ಲಿ ಹೇಗಿತ್ತೋ ಹಾಗೇ ಇದೆ. ಅದೇ ಕುಕ್ಕರುಗಾಲು, ಅದೇ ಮೊಂಡಾದ ಸಣ್ಣ ಕುಡ್ಲು, ಅದೇ ನಾಲ್ಕು ಹೆಂಗಸರ ಸಾಲು. ಇದಕ್ಕೆ ಸಲಕರಣೆಯೇ ಇಲ್ಲವೆಂದಲ್ಲ. ನಿಂತುಕೊಂಡೇ ತಳ್ಳುವ, ಉದ್ದ ಹಿಡಿಯ ಚಕ್ರದ ಕಳೆಗುದ್ದಲಿ ಇದೆ. ಭತ್ತದ ಸಾಲಿನ ನಡುವೆ ಓಡಿಸುವ ಕೋನೊ ವೀಡರ್ ಇದೆ. ಭೋಪಾಲದ ಕೇಂದ್ರೀಯ ಕೃಷಿ ಎಂಜಿನಿಯರಿಂಗ್ ಸಂಸ್ಥೆ ಹೆಂಗಸರ ಮೈಕಟ್ಟು, ಕೈಯಳತೆ ನೋಡಿ ‘ನವೀನ್’ ಹೆಸರಿನ ಕುಡುಗೋಲು, ಜೋಡಿ ಚಕ್ರದ ಕಳೆಗುದ್ದಲಿಯಂಥವನ್ನು ಹೊರತಂದಿದೆ. ನಮ್ಮೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದೆ. ‘ಅದನ್ನ ಯಾರ್ ತಕಾತಾರವ್ವ’ ಎಂದರು.

ಯಾಕೆ ತಗೊಳ್ಳುವುದಿಲ್ಲ ಎಂಬುದಕ್ಕೆ ಕಾರಣಗಳಿವೆ. ಕೋನೊ ವೀಡರ್ ಓಡಬೇಕಾದರೆ ನಾಟಿ ಸಾಲಿನಲ್ಲಿರಬೇಕು. ಶ್ರೀ ಪದ್ಧತಿಯಲ್ಲಾದರೆ 25 ಸೆಂಟಿಮೀಟರ್ ಅಂತರದಲ್ಲಿ ಹಗ್ಗ ಹಿಡಿದು ನೆಡುತ್ತಾರೆ. ಒತ್ತೊತ್ತಾಗಿ ಕೈಗೆ ಬಂದಂತೆ ನೆಟ್ಟ ಗದ್ದೆಯಲ್ಲಿ ಅದು ಪೈರನ್ನೇ ತುಳಿಯುತ್ತದೆ. ಇದು ಒಂದು ಕಾರಣ. ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಕೊಳ್ಳುವ ದುಡ್ಡು ಗಂಡಸಿನ ಕೈಯಲ್ಲಿದೆ, ನೋಯುವ ಮಂಡಿ ಹೆಂಗಸಿನದು. ನರೇಗಾದಲ್ಲಿ ಗಂಡಾಳು ಹೆಣ್ಣಾಳಿಗೆ ಒಂದೇ ಕೂಲಿ ಇತ್ತು, ಖಾಸಗಿ ಹೊಲದಲ್ಲಿ ಇವತ್ತಿಗೂ ಹೆಣ್ಣಾಳಿಗೆ ಕಡಿಮೆ. ಅಗ್ಗಕ್ಕೆ ಆಳು ಸಿಗುವಾಗ ಸಲಕರಣೆಗೆ ಯಾಕೆ ದುಡ್ಡು ಹಾಕಬೇಕು ಎಂಬ ಲೆಕ್ಕ ಅಲ್ಲಿದೆ. ಹಿತ್ತಿಲ ಸೊಪ್ಪಿನ ಮಡಿಗಾದರೂ ಉದ್ದ ಹಿಡಿಯದು ತನ್ನಿ. ಅವ್ವನಿಗೆ ಹಬ್ಬಕ್ಕೆ ಸೀರೆ ತರುವ ಮೊದಲ ಸಂಬಳದವರು ಇದನ್ನೂ ಯೋಚಿಸಬಹುದು. ಉದ್ದ ಅವ್ವನ ಎದೆಮಟ್ಟಕ್ಕೆ ಬರಲಿ, ಹಿಡಿ ಅವಳ ಕೈಗೆ ತಕ್ಕಷ್ಟು ಸಣ್ಣಗಿರಲಿ.

ಕೆಲಸ ಹುಡುಕುವವರಿಗೂ ಇಲ್ಲಿ ಏನೂ ಇಲ್ಲವೆಂದಲ್ಲ. ಮದ್ದೂರಿನ ಎಳನೀರು ಮಾರುಕಟ್ಟೆಯಿಂದ ದಿನಾ ಲಾರಿ ಹೊರಡುತ್ತವೆ, ಮರ ಹತ್ತಿ ಮಚ್ಚಿನಲ್ಲಿ ಗೊನೆ ಕಡಿದು ಇಳಿಸುವವರು ಸಿಗುತ್ತಿಲ್ಲ ಎಂಬ ಗೋಳು ತೋಟದವರದು. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಯಂತ್ರದ ಸಹಾಯದಲ್ಲಿ ಮರ ಹತ್ತುವ ತರಬೇತಿ ಕೊಡುತ್ತಿದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ, ಸುತ್ತಿಗೆ ಮತ್ತು ಸಲಕರಣೆ ತಯಾರಿಕೆಯೂ ಇದೆ. ಸಲಕರಣೆ ಕೊಳ್ಳಲು 15,000 ರೂಪಾಯಿ, ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ, ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಸಾಲ ಇದೆ. ಐಟಿಐ ಫಿಟ್ಟರ್ ಮುಗಿಸಿ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಸೆಕ್ಯುರಿಟಿ ಕೆಲಸ ಮಾಡುವ ಹುಡುಗರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಒಂದು ಹೋಬಳಿಗೆ ಒಂದು ಒಳ್ಳೆಯ ಸಲಕರಣೆ ರಿಪೇರಿ ಅಂಗಡಿ, ಕಾವು ಹಾಕುವುದು, ಕಕ್ಕು ಹಾಕುವುದು, ಪವರ್ ಸ್ಪ್ರೇಯರ್ ರಿಪೇರಿ ಎಲ್ಲ ಸೇರಿದ್ದು, ನಡೆಯದೆ ಇರದು ಎಂದು ನನ್ನ ಅಂದಾಜು. ಹಾಗೆಂದು ಕೋಟಿ ಬರುತ್ತದೆ ಎಂದು ಯಾರಿಗೂ ಆಸೆ ಹುಟ್ಟಿಸಲಾರೆ.

ಕಾಲೇಜುಗಳಿಗೆ ಒಂದು ಮಾತು. ಎನ್ಎಸ್ಎಸ್‌ನ ಏಳು ದಿನದ ಶಿಬಿರದಲ್ಲಿ ಶ್ರಮದಾನ ಎಂದರೆ ಏನು ನಡೆಯುತ್ತದೆ ಎಂಬುದು ಹೋಗಿಬಂದವರಿಗೆಲ್ಲ ಗೊತ್ತು. ಊರಿನವರಿಂದ ಎರವಲು ತಂದ ಎಂಟು ಹತ್ತು ಗುದ್ದಲಿ, ಅರ್ಧಕ್ಕೆ ಕಾವು ಸಡಿಲ, ಬಾಯಿ ಎಲ್ಲದ್ದೂ ಮೊಂಡು. ಐವತ್ತು ಜನ ಸರದಿಯಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳುತ್ತೇವೆ. ಸಂಜೆಗೆ ಬೊಬ್ಬೆ ಎದ್ದ ಕೈ ತೋರಿಸಿಕೊಂಡು ನಗುತ್ತೇವೆ. ಮೊದಲ ದಿನದ ಉದ್ಘಾಟನಾ ಭಾಷಣಗಳಲ್ಲಿ ಎರಡನ್ನು ಕಡಿಮೆ ಮಾಡಿ, ಆ ಹೊತ್ತಿಗೆ ಊರಿನ ಆಚಾರ್ರನ್ನೋ, ಹೊಲದಲ್ಲಿ ನುರಿತ ಒಬ್ಬ ಹೆಣ್ಣುಮಗಳನ್ನೋ ಕರೆದು ಕೂರಿಸಿ. ಕಾವು ಅಳೆಯುವುದು, ಬೆಣೆ ಹೊಡೆಯುವುದು, ಅರ ಹಿಡಿಯುವುದು ಕಲಿಸಲಿ, ಅವರಿಗೂ ಭಾಷಣಕಾರರಷ್ಟೇ ಗೌರವಧನ ಕೊಡಿ. ಏಳನೇ ದಿನ ಊರು ಬಿಡುವ ಮುನ್ನ ಎರವಲು ತಂದ ಗುದ್ದಲಿಗಳನ್ನೆಲ್ಲ ಮಸೆದು, ಕಾವು ಬಿಗಿಮಾಡಿ, ಆಯಾ ಮನೆಗಳಿಗೆ ವಾಪಸ್ ಕೊಟ್ಟು ಬರಬಹುದು. ಶಿಬಿರದ ಹೆಬ್ಬಾಗಿಲಿಗೆ ಕಟ್ಟುವ ಫ್ಲೆಕ್ಸ್ ಬ್ಯಾನರಿನ ದುಡ್ಡಿಗೆ ಬೇಕಾದಷ್ಟು ಅರಗಳು ಬರುತ್ತವೆ.